ಅಪ್‌ಡೇಟ್: ದ್ರಾಕ್ಷಿ ಎಲೆಯ ಬಿಳಿ ಪುಡಿ ಹೋಯಿತು

ಚಿತ್ರದುರ್ಗದ ನಮ್ಮ ಹಿತ್ತಲಿನ ನಾಲ್ಕು ದ್ರಾಕ್ಷಿ ಬಳ್ಳಿಗಳ ಎಲೆ ಮೇಲೆ ವಿಭೂತಿ ಉದುರಿಸಿದ ಹಾಗೆ ಬಿಳಿ ಪುಡಿ ಬರುತ್ತಿದೆ ಅಂತ ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ಅದು ಬೂದಿ ರೋಗವೇ, ಎಲೆಗೆ ಹಿಡಿಯುವ ಒಂದು ಬಗೆಯ ಬೂಷ್ಟು. ಅಡುಗೆ ಸೋಡಾ ನೀರು ಎರಡು ಸಲ ಹೊಡೆದೆ, ನಾಲ್ಕೇ ದಿನಕ್ಕೆ ವಾಪಸ್ ಬಂತು. ಕೆಲಸ ಮಾಡಿದ್ದು ನೀರಲ್ಲಿ ಕಲಸಿ ಹೊಡೆಯುವ ಗಂಧಕ, ಲೀಟರಿಗೆ 2 ಗ್ರಾಂ. ಜೊತೆಗೆ ಚಪ್ಪರದ ಒಳಗೆ ಒತ್ತಾಗಿದ್ದ ಎಲೆ ಕಿತ್ತು ಗಾಳಿ ಆಡುವ ಹಾಗೆ ಮಾಡಿದೆ. ಇದನ್ನು ಹೇಳಿದ ಅಕ್ಕನಿಗೆ ಥ್ಯಾಂಕ್ಸ್. ಮೊದಲ ದಿನ ಮಟಮಟ ಮಧ್ಯಾಹ್ನ ಹೊಡೆದು ಒಂದು ಬಳ್ಳಿಯ ಎಲೆ ಅಂಚೆಲ್ಲ ಹಪ್ಪಳದ ಹಾಗೆ ಸುಟ್ಟುಕೊಂಡೆ, ಸಂಜೆಯೇ ಸರಿ. ಇನ್ನೊಂದು, ಈ ರೋಗಕ್ಕೆ ಎಲೆ ಒದ್ದೆ ಆಗಲೇಬೇಕು ಅಂತೇನಿಲ್ಲವಂತೆ. ನಾನು ಸುಮ್ನೆ ನೀರು ನಿಲ್ಲಿಸಿ ಬಳ್ಳಿ ಬಾಡಿಸಿದ್ದೆ! ಕಾಳು ಸೀಳಿದ ಒಂದು ಗೊಂಚಲು ಹೋಯಿತು. ಹೊಸ ಚಿಗುರು ಕ್ಲೀನ್ ಇದೆ.