ಲೇತ್ ಬಿಟ್ಟು ಡಿಸೈನ್‌ಗೆ ಹೋಗಲೇ? – ಓದುಗರ ಸ್ಪಂದನ

ಓದುಗರೊಬ್ಬರ ಸಮಸ್ಯೆ: ನಾನು ಲೋಹ ಕಡೆಯುವ ಲೇತ್, ಮಿಲ್ಲಿಂಗ್ ಮೆಷಿನ್ ಮೇಲೆ ಕೆಲಸ ಮಾಡುವವನು. ವಯಸ್ಸು ಮೂವತ್ತಾರು. ನಮ್ಮಲ್ಲಿ ಒಂದು ಫಿಕ್ಸ್‌ಚರ್ (ಕೆಲಸದ ತುಂಡನ್ನು ಕದಲದಂತೆ ಹಿಡಿಯುವ ಸಾಧನ) ಪದೇ ಪದೇ ತೊಂದರೆ ಕೊಡುತ್ತಿತ್ತು. ಅದನ್ನು ಹೀಗೆ ಬದಲಿಸಿದರೆ ಹೇಗೆ ಅಂತ ಹಾಳೆ ಮೇಲೆ ಗೀಚಿ ಕೊಟ್ಟಿದ್ದೆ. ಈಗ ಡಿಸೈನ್ ವಿಭಾಗದ ಮುಖ್ಯಸ್ಥರು ಕರೆದು, ‘ನಮ್ಮಲ್ಲಿಗೆ ಬಾ, ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದು’ ಎಂದಿದ್ದಾರೆ. ಒಂದು ತಿಂಗಳಲ್ಲಿ ಉತ್ತರ ಹೇಳಬೇಕು. ನನಗೆ ಗಣಿತ ಅಂದರೆ ಭಯ. ಅಲ್ಲಿರುವವರೆಲ್ಲ ಓದಿದವರು. ಓವರ್‌ಟೈಮ್ ದುಡ್ಡೂ ಹೋಗುತ್ತದೆ. ಏನು ಮಾಡಲಿ?

*

ಹೋಗಿ. ನಾನೂ ಮೆಷಿನ್ ಶಾಪ್‌ನಿಂದಲೇ ಡಿಸೈನ್‌ಗೆ ಬಂದವನು, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ. ಆದರೆ ಹೂಂ ಅನ್ನುವ ಮೊದಲು ಕೆಲವು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಓದಲು ವಾರಕ್ಕೆ ಎಷ್ಟು ಹೊತ್ತು ಬಿಡುತ್ತಾರೆ? ಪರೀಕ್ಷೆ ಇರುವಾಗ ರಜೆ ಸಿಗುತ್ತದಾ? ಫೀಸು ಯಾರು ಕಟ್ಟುತ್ತಾರೆ? ನಿಮ್ಮನ್ನು ಕರೆದವರು ಒಳ್ಳೆಯವರೇ ಇರಬಹುದು. ನಾಳೆ ಅವರು ಬೇರೆ ಕಡೆ ಹೋದರೆ ಬಾಯಿಮಾತಿನ ಭರವಸೆಯೂ ಅವರ ಜತೆಗೇ ಹೊರಟು ಹೋಗುತ್ತದೆ. ಹುದ್ದೆಗೆ ಏನು ಹೆಸರು ಕೊಡುತ್ತಾರೆ ಅನ್ನುವುದೆಲ್ಲ ಆಮೇಲೆ.

ಗಣಿತದ ಭಯದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಹೆಚ್ಚಿನವರು ಹಿಂದೆ ಸರಿಯುವುದು ಅಲ್ಲೇ. ನೀವು ಸೈನ್ ಬಾರ್ (ಕೋನ ಹೊಂದಿಸುವ ಉಕ್ಕಿನ ಪಟ್ಟಿ) ಇಟ್ಟು ಕೋನ ಹೊಂದಿಸಿರುತ್ತೀರಿ ಅಲ್ವಾ? ಬಾರ್ 100 ಮಿ.ಮೀ. ಇದ್ದು 30 ಡಿಗ್ರಿ ಬೇಕಾದರೆ ಒಂದು ತುದಿಯ ಕೆಳಗೆ 50 ಮಿ.ಮೀ. ಸ್ಲಿಪ್ ಗೇಜ್ (ನಿಖರ ದಪ್ಪದ ಅಳತೆ ಬಿಲ್ಲೆ) ಇಡುತ್ತೀರಿ. ತ್ರಿಕೋನಮಿತಿ ಅಂದರೆ ಇದೇ. ಭಯಪಡುತ್ತಿರುವ ವಿಷಯದಲ್ಲಿ ಒಂದಿಷ್ಟನ್ನು ನೀವು ಆಗಲೇ ದಿನಾ ಮಾಡುತ್ತಿದ್ದೀರಿ.

ರಂಧ್ರದ ಒಳಗೆ ಕೊರೆಯುವ ಬೋರಿಂಗ್ ಬಾರ್ ತೆಗೆದುಕೊಳ್ಳಿ. ರಂಧ್ರ ಆಳ ಇದೆ ಅಂತ ಬಾರನ್ನು ಜಾಸ್ತಿ ಹೊರಗೆ ಚಾಚಿದರೆ ಅದು ನಡುಗುತ್ತದೆ, ಕಿರುಚುತ್ತದೆ, ಜಾಬ್ (ಕೊರೆಯುತ್ತಿರುವ ತುಂಡು) ಒಳಗೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಇದು ನಿಮ್ಮ ಕಿವಿಗೇ ಗೊತ್ತು. ಪುಸ್ತಕ ಇದನ್ನೇ ಲೆಕ್ಕದಲ್ಲಿ ಹೇಳುತ್ತದೆ. ತಳ್ಳುವ ಬಲ ಅಷ್ಟೇ ಇದ್ದು, ಚಾಚಿದ ಉದ್ದ ಎರಡು ಪಟ್ಟಾದರೆ ಬಾರ್ ಎಂಟು ಪಟ್ಟು ಬಾಗುತ್ತದೆ. ಬಾರಿನ ವ್ಯಾಸ ಎರಡು ಪಟ್ಟಾದರೆ ಬಾಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಒಂದು ಸಂಗತಿ ಇದೆ. ಸಾದಾ ಸ್ಟೀಲ್ ತೆಗೆದು ಹಾರ್ಡನ್ ಮಾಡಿದ ಸ್ಟೀಲ್ ಬಾರ್ ಹಾಕಿದರೆ ಬಾಗುವುದು ಕಡಿಮೆಯಾಗುತ್ತದೆ ಅಂತ ಶಾಪ್‌ನಲ್ಲಿ ಎಷ್ಟೋ ಜನ ನಂಬಿರುತ್ತಾರೆ. ಆಗುವುದಿಲ್ಲ. ಗಟ್ಟಿ ಬಾರ್ ಖಾಯಂ ಆಗಿ ಸೊಟ್ಟಗಾಗಲು ಹೆಚ್ಚು ಬಲ ಬೇಕು, ಅಷ್ಟೇ. ಬಾಗುವಿಕೆಯನ್ನು ತೀರ್ಮಾನಿಸುವ ಸ್ಥಿತಿಸ್ಥಾಪಕ ಗುಣಾಂಕ ಎರಡಕ್ಕೂ ಸುಮಾರು 200 ಗಿಗಾಪ್ಯಾಸ್ಕಲ್. ಕಾರ್ಬೈಡ್ ಬಾರಿಗೆ ಅದು ಹೆಚ್ಚುಕಮ್ಮಿ ಮೂರು ಪಟ್ಟು. ಅದಕ್ಕೇ ಅದನ್ನು ಇನ್ನಷ್ಟು ಉದ್ದ ಚಾಚಿದರೂ ಸುಮ್ನೆ ಇರುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗಾದ ಖುಷಿ ಹೇಳಲು ಬರುವುದಿಲ್ಲ. ಅಷ್ಟು ವರ್ಷ ಕೈಯಲ್ಲಿ ಮಾಡಿದ್ದಕ್ಕೆ ಕಾರಣ ಸಿಕ್ಕಿತ್ತು.

ಎಲ್ಲರೂ ಕ್ಯಾಲ್ಕುಲಸ್ ಹೆಸರು ಹೇಳಿ ಹೆದರಿಸುತ್ತಾರೆ. ನಾನು ನೋಡಿದ ಹಾಗೆ ಜನ ಎಡವುವುದು ಅದಕ್ಕಿಂತ ಮೊದಲೇ, ಬೀಜಗಣಿತದಲ್ಲಿ. ಭಿನ್ನರಾಶಿ, ಮೈನಸ್ ಗುರುತು, ಸಮೀಕರಣದಲ್ಲಿ ಆಚೆಯದನ್ನು ಈಚೆಗೆ ತರುವುದು, ಇದರಲ್ಲಿ ಕೈ ಓಡದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ. ಕಾಲೇಜು ಶುರುವಾಗುವ ತನಕ ಕಾಯಬೇಡಿ. ಹೈಸ್ಕೂಲಿನ ಗಣಿತದ ಪುಸ್ತಕ ತೆಗೆದು ದಿನಾ ಕೂತು ಲೆಕ್ಕ ಮಾಡಿ. ಸುಮ್ನೆ ಓದಿದರೆ ಸಾಲದು, ಪೆನ್ಸಿಲ್ ಹಿಡಿದು ಮಾಡಬೇಕು. ಚಿಕ್ಕ ಮಕ್ಕಳ ಪುಸ್ತಕ ಅಂತ ಸಂಕೋಚ ಬೇಡ.

ಇನ್ನು ‘ಓದಿದವರು’. ಡ್ರಾಯಿಂಗ್‌ನಲ್ಲಿ 25 ಮಿ.ಮೀ. ರಂಧ್ರದ ಮುಂದೆ ಎಚ್7 (ಅಳತೆ ಎಷ್ಟು ವ್ಯತ್ಯಾಸವಾಗಬಹುದು ಅನ್ನುವ ಗುರುತು) ಅಂತ ಹಾಕುವುದು ಅವರಿಗೆ ಒಂದು ಕ್ಲಿಕ್. ನಿಮಗೆ ಅದರ ಅರ್ಥ 21 ಮೈಕ್ರಾನ್ ಒಳಗೆ ಅಳತೆ ನಿಲ್ಲಿಸಬೇಕು ಅಂತ. ಅಲ್ಲಿ ಎರಡು ಭಾಗಗಳನ್ನು ಕರಾರುವಾಕ್ಕಾಗಿ ಹೊಂದಿಸುವ ಡೋವೆಲ್ ಪಿನ್ ಕೂರುವುದಾದರೆ ಸರಿ. ಬರೀ ಬೋಲ್ಟ್ ದಾಟಿ ಹೋಗುವ ರಂಧ್ರಕ್ಕೂ ಅದನ್ನೇ ಬರೆದರೆ, ಡ್ರಿಲ್ ಹಾಕಿ ಮುಗಿಸುವ ಕೆಲಸಕ್ಕೆ ರಂಧ್ರವನ್ನು ನಿಖರ ಮಾಡುವ ರೀಮರ್, ಅದನ್ನು ಪರೀಕ್ಷಿಸುವ ಪ್ಲಗ್ ಗೇಜ್, ಇನ್‌ಸ್ಪೆಕ್ಷನ್, ರಿಜೆಕ್ಷನ್ ಎಲ್ಲ ಗಂಟು ಬೀಳುತ್ತವೆ. ಪಾಕೆಟ್‌ನ (ಲೋಹದಲ್ಲಿ ಕೊರೆಯುವ ಗುಳಿಯ) ಒಳಮೂಲೆಯನ್ನು ಚೂಪಾಗಿ ಬರೆದಿರುತ್ತಾರೆ. ತಿರುಗುವ ಎಂಡ್ ಮಿಲ್ (ಮಿಲ್ಲಿಂಗ್ ಮೆಷಿನ್ನಿನ ಕಟರ್) ಅಲ್ಲಿ ತನ್ನ ತ್ರಿಜ್ಯದಷ್ಟು ದುಂಡು ಬಿಟ್ಟೇ ಬಿಡುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮನ್ನು ಕರೆದಿರುವುದೂ ಇದಕ್ಕೇ. ದಯೆ ತೋರಿಸಿ ಕರೆದಿದ್ದಾರೆ ಅಂತ ತಲೆ ತಗ್ಗಿಸಿಕೊಂಡು ಹೋಗಬೇಡಿ.
– ಮೆಷಿನ್ ಶಾಪ್‌ನಿಂದ ಡಿಸೈನ್‌ಗೆ ಬಂದ ಒಬ್ಬರು

*

ನಿಮಗೆ ಎಲ್ಲರೂ ದೊಡ್ಡವರ ಉದಾಹರಣೆ ಕೊಡುತ್ತಾರೆ. ಥಾಮಸ್ ಟೆಲ್‌ಫರ್ಡ್ ಕಲ್ಲುಕೆಲಸ ಕಲಿತು ಬೆಳೆದವರು, 1820ರಲ್ಲಿ ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ ಮೊದಲ ಅಧ್ಯಕ್ಷರಾದರು. ಉಗಿಯಂತ್ರಕ್ಕೆ ಹೆಸರಾದ ಜೇಮ್ಸ್ ವಾಟ್ ಉಪಕರಣ ರಿಪೇರಿ ಮಾಡುತ್ತಿದ್ದವರು. ರೈಲು ಎಂಜಿನ್‌ಗೆ ಹೆಸರಾದ ಜಾರ್ಜ್ ಸ್ಟೀಫನ್‌ಸನ್ ಹದಿನೆಂಟು ತುಂಬುವ ತನಕ ಓದಲೂ ಬಾರದೆ ಕಲ್ಲಿದ್ದಲು ಗಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಎಲ್ಲ ನಿಜ. ಆದರೆ ಅವರನ್ನು ಯಾರೂ ಪದವಿ ಪತ್ರ ಕೇಳಲಿಲ್ಲ. ನಿಮ್ಮನ್ನು ಕೇಳುತ್ತಾರೆ.

ಈಗಿನ ಮುಖ್ಯಸ್ಥರಿಗೆ ನಿಮ್ಮ ಕೆಲಸ ಗೊತ್ತು. ಮುಂದೊಂದು ದಿನ ಆ ಕಂಪನಿ ಮುಚ್ಚಿದರೆ, ಹೊಸ ಕಡೆ ಅರ್ಜಿ ನೋಡುವವರಿಗೆ ಕಾಣುವುದು ಕಾಗದ ಮಾತ್ರ. ಆದ್ದರಿಂದ ಪದವಿಯನ್ನು ‘ಆಮೇಲೆ ನೋಡೋಣ’ ಅಂತ ಮುಂದಕ್ಕೆ ಹಾಕಬೇಡಿ. ಸಂಜೆ ಕಾಲೇಜಿನ ಕೋರ್ಸ್ ಯಾವ ಮಟ್ಟದ್ದು ಅಂತಲೂ ಸರಿಯಾಗಿ ವಿಚಾರಿಸಿ. ದೇಶ ದೇಶಗಳ ನಡುವೆ ಎಂಜಿನಿಯರಿಂಗ್ ಪದವಿಗೆ ಪರಸ್ಪರ ಮಾನ್ಯತೆ ಕೊಡುವ 1989ರ ವಾಷಿಂಗ್ಟನ್ ಒಪ್ಪಂದ ಇದೆ, ಟೆಕ್ನಾಲಜಿಸ್ಟ್ ಮಟ್ಟಕ್ಕೆ 2001ರ ಸಿಡ್ನಿ ಒಪ್ಪಂದ, ಟೆಕ್ನಿಷಿಯನ್ ಮಟ್ಟಕ್ಕೆ 2002ರ ಡಬ್ಲಿನ್ ಒಪ್ಪಂದ. ಮೂರೂ ಬೇರೆ ಬೇರೆ. ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ, ಇದ್ದರೆ ಇದರಲ್ಲಿ ಯಾವ ಸಾಲಿಗೆ ಬರುತ್ತದೆ ಅಂತ ಫೀಸು ಕಟ್ಟುವ ಮೊದಲೇ ಕೇಳಿ. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿ ಕೊನೆಗೆ ಬೇರೆ ಮಟ್ಟದ ಕಾಗದ ಕೈಗೆ ಬಂದರೆ ಆಗುವ ಸಂಕಟ ಸಣ್ಣದಲ್ಲ.
– ತಾಂತ್ರಿಕ ಕಾಲೇಜಿನ ಉಪನ್ಯಾಸಕಿ

*

ನನಗೂ ಇಂಥದೇ ಕರೆ ಬಂದಿತ್ತು. ಬೇಡ ಅಂದೆ. ಟೂಲ್‌ರೂಮ್‌ನಲ್ಲೇ ನಿವೃತ್ತನಾದೆ. ಸಂಜೆ ಹೊತ್ತಿಗೆ ಮುಗಿದ ಡೈ (ಲೋಹದ ಅಚ್ಚು) ಕೈಯಲ್ಲಿ ಹಿಡಿದು ನೋಡುವ ಸುಖ ನನಗೆ ಬೇಕಾಗಿತ್ತು. ಡಿಸೈನ್‌ನಲ್ಲಿ ನೀವು ಬರೆದದ್ದು ವಸ್ತುವಾಗಿ ಬರಲು ತಿಂಗಳುಗಳೇ ಹಿಡಿಯಬಹುದು. ನಡುವೆ ಮೀಟಿಂಗ್, ತಿದ್ದುಪಡಿ, ಮತ್ತೆ ಮೀಟಿಂಗ್. ಅದು ಕೀಳು ಅಂತ ಅಲ್ಲ, ಎಲ್ಲರಿಗೂ ಒಗ್ಗುವುದಿಲ್ಲ. ನಿಮ್ಮ ಪತ್ರದಲ್ಲಿ ಭಯದ ಮಾತಿದೆ, ದುಡ್ಡಿನ ಮಾತಿದೆ, ಆಸೆ ಇದೆಯೋ ಇಲ್ಲವೋ ಒಂದು ಕಡೆಯೂ ಬರೆದಿಲ್ಲ. ಆದರೆ ಯಾರೂ ಕೇಳದೆ ಹಾಳೆ ತೆಗೆದು ಗೀಚಿದವರು ನೀವೇ ಅಲ್ವಾ? ಅದನ್ನು ನೋಡಿದರೆ ಆಸೆ ಇದೆ ಅಂತಲೇ ನನಗೆ ಅನಿಸುತ್ತದೆ. ಕೆಲವು ದಿನ ಆ ವಿಭಾಗದಲ್ಲಿ ಕೂತು ಕೆಲಸ ನೋಡಲು ಅನುಮತಿ ಕೇಳಿ. ತಪ್ಪಾಗಿ ತಿಳಿಯುವವರು ಯಾರೂ ಇಲ್ಲ.
– ನಿವೃತ್ತ ಟೂಲ್ ಮೇಕರ್

*

ನನ್ನ ಗಂಡ ಎಲೆಕ್ಟ್ರಿಷಿಯನ್ ಆಗಿದ್ದವರು. ಕೆಲಸ ಮಾಡುತ್ತಲೇ ಓದಿ ಎಂಜಿನಿಯರ್ ಆದರು. ಓದುವ ಮನುಷ್ಯನಿಗೆ ಎಲ್ಲರೂ ಬೆನ್ನು ತಟ್ಟುತ್ತಾರೆ. ಮನೆಯಲ್ಲಿರುವವರನ್ನು ಯಾರೂ ಕೇಳುವುದಿಲ್ಲ. ಆ ವರ್ಷಗಳಲ್ಲಿ ಮಕ್ಕಳ ಜ್ವರ, ಬ್ಯಾಂಕಿನ ಕೆಲಸ, ನೆಂಟರ ಮನೆಯ ಶುಭಕಾರ್ಯ ಎಲ್ಲ ನನ್ನ ಪಾಲಿಗೇ ಬಂತು. ಪರೀಕ್ಷೆ ಹತ್ತಿರ ಬಂದಾಗ ಅವರು ಮನೆಯಲ್ಲಿದ್ದರೂ ಇಲ್ಲದ ಹಾಗೇ. ನನಗೆ ಬೇಸರ ಇಲ್ಲ, ಯಾಕಂದ್ರೆ ಶುರುವಿಗೆ ಮೊದಲೇ ಇಬ್ಬರೂ ಕೂತು ಮಾತಾಡಿದ್ದೆವು. ವಾರದಲ್ಲಿ ಒಂದು ಸಂಜೆ ಪುಸ್ತಕ ಮುಟ್ಟಬಾರದು ಅಂತ ಗೊತ್ತು ಮಾಡಿಕೊಂಡಿದ್ದೆವು. ಅದನ್ನು ಅವರು ಉಳಿಸಿಕೊಂಡರು.

ನಿಮ್ಮ ಮನೆಯವರ ಬಗ್ಗೆ ಪತ್ರದಲ್ಲಿ ಏನೂ ಇಲ್ಲ. ಮುಖ್ಯಸ್ಥರಿಗೆ ಉತ್ತರ ಕೊಡುವ ಮೊದಲು ಅವರ ಜತೆ ಕೂತು ಮಾತಾಡಿ. ಓವರ್‌ಟೈಮ್ ಚಿಂತೆಗೆ ನನಗೆ ತೋಚುವ ದಾರಿ ಇದು: ಕೈಯಲ್ಲಿ ಒಂದು ತಿಂಗಳಿದೆಯಲ್ಲ, ಈ ತಿಂಗಳ ಓವರ್‌ಟೈಮ್ ದುಡ್ಡನ್ನು ಬೇರೆ ಇಟ್ಟುಬಿಡಿ. ಹೊಸ ಕೆಲಸದಲ್ಲಿ ಸಿಗುವ ಸಂಬಳ ಎಷ್ಟೋ ಅಷ್ಟರಲ್ಲೇ ಮನೆ ನಡೆಸಿ ನೋಡಿ. ಎಲ್ಲಿ ಬಿಗಿಯಾಗುತ್ತದೆ ಅಂತ ಇಬ್ಬರಿಗೂ ತಿಳಿಯುತ್ತದೆ. ಸಂಬಳದ ಬಗ್ಗೆ ಮಾತಾಡಲು ಹೋದಾಗ ಆ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.
– ಒಬ್ಬ ಗೃಹಿಣಿ