ಓದುಗರ ಸ್ಪಂದನ: ನಾಲ್ಕು ವರ್ಷದ ಓದಿಗೆ ಒಂದು ಮನೆ ಬೇಕಾ?

ಕಳೆದ ಸಲ ನ್ಯೂಜೆರ್ಸಿಯ ತಾಯಿಯೊಬ್ಬರು ಬರೆದಿದ್ದರು. ಮಗಳಿಗೆ ಒಹಾಯೋದ ಕೊಲಂಬಸ್‌ನಲ್ಲಿ ಮೆಡಿಕಲ್ ಸೀಟು ಸಿಕ್ಕಿದೆ. ಫೀಸು ಪೂರ್ತಿ ಅಮೆರಿಕದ ಆರ್ಮಿಯ ಸ್ಕಾಲರ್‌ಶಿಪ್‌ನದು. ತಿಂಗಳ ಖರ್ಚಿಗೂ ದುಡ್ಡು ಬರುತ್ತದೆ, ಸೇರುವಾಗ 20,000 ಡಾಲರ್ ಬೋನಸ್ ಬೇರೆ. "ನಾಲ್ಕು ವರ್ಷ ಬಾಡಿಗೆ ಕಟ್ಟಿ ಯಾರನ್ನೋ ಯಾಕೆ ಉದ್ಧಾರ ಮಾಡಬೇಕು? ಎರಡೂವರೆ ಲಕ್ಷ ಡಾಲರಿಗೆ ಒಂದು ಪುಟ್ಟ ಮನೆ ತಗೊಂಡುಬಿಡೋಣ" ಎಂದು ಯಜಮಾನರ ಹಟ. ಮಗಳು ಹೂಂ ಅನ್ನುತ್ತಿಲ್ಲ, ಉಹೂಂ ಅನ್ನುತ್ತಿಲ್ಲ. ಏನು ಮಾಡಲಿ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಸ್ಯಾನ್ ಆಂಟೋನಿಯೊದಿಂದ ಡಾಕ್ಟರೊಬ್ಬರು

ಮೇಡಂ, ನಾನೂ ಇದೇ ಸ್ಕಾಲರ್‌ಶಿಪ್‌ನಲ್ಲಿ ಓದಿದವನು. ಎರಡನೇ ವರ್ಷದಲ್ಲಿ ಮನೆಯನ್ನೂ ತಗೊಂಡವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆಯ ಬೆಲೆ ಆಮೇಲೆ ನೋಡೋಣ, ಮೊದಲು ಕ್ಯಾಲೆಂಡರ್ ತೆಗೆಯಿರಿ. ನಿಮ್ಮ ಮಗಳು ಈಗ ಸೆಕೆಂಡ್ ಲೆಫ್ಟಿನೆಂಟ್. ಓದುವಷ್ಟು ಕಾಲ ರಿಸರ್ವ್‌ನಲ್ಲಿ ಇರುತ್ತಾಳೆ, ಡ್ಯೂಟಿಯಲ್ಲಿ ಇರೋದಿಲ್ಲ. ಆದರೆ ವರ್ಷಕ್ಕೆ 45 ದಿನ ಆರ್ಮಿಗೆ ಕೊಡಬೇಕು. ಒಂದು ಬೇಸಿಗೆ ಇಲ್ಲಿ ನಮ್ಮೂರಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ಗೆ ಬಂದು ಸೆಲ್ಯೂಟ್ ಹೊಡೆಯೋದು, ಬೂಟು ಕಟ್ಟೋದು ಕಲಿಯುತ್ತಾಳೆ. ಮೂರನೇ ವರ್ಷದಲ್ಲಿ ರೊಟೇಷನ್ ಶುರು, ಅಂದರೆ ಕೆಲವು ವಾರಕ್ಕೊಂದು ವಿಭಾಗದಂತೆ ಆಸ್ಪತ್ರೆಯಲ್ಲಿ ಕಲಿಯೋದು. ಕಾಲೇಜು ಯಾವ ಊರಿನ ಆಸ್ಪತ್ರೆಗೆ ಹಾಕುತ್ತದೋ ಅಲ್ಲಿಗೆ ಹೋಗಬೇಕು. ನಾಲ್ಕನೇ ವರ್ಷದ ಮೊದಲ ಅರ್ಧದಲ್ಲಿ ಆರ್ಮಿ ಆಸ್ಪತ್ರೆಗಳಿಗೆ ಹೋಗಿ ತಿಂಗಳುಗಟ್ಟಲೆ ಕೆಲಸ ಮಾಡಿ ಮುಖ ತೋರಿಸಿಕೊಳ್ಳಬೇಕು. ಯಾಕೆಂದರೆ ರೆಸಿಡೆನ್ಸಿ, ಅಂದರೆ ಡಿಗ್ರಿ ಆದ ಮೇಲಿನ ತಜ್ಞ ತರಬೇತಿ, ಯಾವ ಆಸ್ಪತ್ರೆಯಲ್ಲಿ ಎಂಬ ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ ಬರುತ್ತದೆ. ಉಳಿದ ಮಕ್ಕಳು ಮಾರ್ಚ್ ತನಕ ಕಾಯುತ್ತಾರೆ, ನಮ್ಮವರಿಗೆ ಕ್ರಿಸ್‌ಮಸ್‌ಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಈಗ ಮುಖ್ಯ ವಿಷಯ. ಒಹಾಯೋದಲ್ಲಿ ರೆಸಿಡೆನ್ಸಿ ಕೊಡುವ ಆರ್ಮಿ ಆಸ್ಪತ್ರೆ ಇಲ್ಲ. ಡೇಟನ್‌ನಲ್ಲಿ ಇರೋದು ಏರ್‌ಫೋರ್ಸ್‌ನದು. ಆರ್ಮಿಯ ದೊಡ್ಡ ಜಾಗಗಳು ಅಂದರೆ ನಮ್ಮ ಸ್ಯಾನ್ ಆಂಟೋನಿಯೊ, ಟಕೋಮಾ ಹತ್ತಿರದ ಮ್ಯಾಡಿಗನ್, ಹೊನೊಲುಲುವಿನ ಟ್ರಿಪ್ಲರ್, ಬೆಥೆಸ್ಡಾದ ವಾಲ್ಟರ್ ರೀಡ್, ಹೀಗೆ. ಹೊರಗಿನ ಆಸ್ಪತ್ರೆಯಲ್ಲಿ ಕಲಿಯಲು ಆರ್ಮಿಯೇ ಬಿಟ್ಟುಕೊಡುವುದೂ ಉಂಟು, ಆದರೆ ಅದನ್ನು ನಂಬಿಕೊಂಡು ಯಾರೂ ಮನೆ ಕೊಳ್ಳಬಾರದು. ಅಂದರೆ ನಾಲ್ಕನೇ ವರ್ಷದ ಜೂನ್‌ನಲ್ಲಿ ಅವಳು ಕೊಲಂಬಸ್ ಬಿಡೋದು ಹೆಚ್ಚುಕಡಿಮೆ ಖಚಿತ. ನೀವು ಕೊಳ್ಳುತ್ತಿರುವುದು ಮಾರುವ ತಾರೀಕು ಈಗಲೇ ಬರೆದಿಟ್ಟ ಮನೆ.

ನನ್ನ ಕಥೆ ಕೇಳಿ. 1950ರ ದಶಕದ ಹಳೇ ಮನೆ. ಸೋವಿ ಅಂತ ತಗೊಂಡೆ. ಮೂರನೇ ವರ್ಷದ ಜನವರಿಯಲ್ಲಿ ಎರಡು ಗಂಟೆ ದೂರದ ಹಳ್ಳಿ ಆಸ್ಪತ್ರೆಯಲ್ಲಿ ನಾಲ್ಕು ವಾರ ರೊಟೇಷನ್. ಒಂದು ಬೆಳಗ್ಗೆ ರೌಂಡ್ಸ್‌ನಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿಯ ಫೋನು. "ನಿನ್ನ ಮುಂಬಾಗಿಲ ಕೆಳಗಿನಿಂದ ನೀರು ಬರ್ತಾ ಇದೆ ಮಗೂ, ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದೆ." ಹೀಟರ್ ಕೆಟ್ಟು ಎಷ್ಟು ದಿನ ಆಗಿತ್ತೋ, ಪೈಪು ಒಡೆದಿತ್ತು. ರಾತ್ರಿ ಡ್ಯೂಟಿ ಮುಗಿಸಿ ಹೋಗಿ ನೋಡಿದರೆ ಬೇಸ್‌ಮೆಂಟಿನಲ್ಲಿ ಮಂಡಿವರೆಗೆ ನೀರು. ಅಮ್ಮ ಕೊಡಿಸಿಟ್ಟಿದ್ದ 20 ಪೌಂಡಿನ ಸೋನಾ ಮಸೂರಿ ಚೀಲ ಊದಿ ಬಿರಿದು ಅಕ್ಕಿಯೆಲ್ಲ ಬೆಳ್ಳಗೆ ತೇಲುತ್ತಿತ್ತು. ಇನ್ಶೂರೆನ್ಸ್‌ನವರ ಮೊದಲ ಪ್ರಶ್ನೆ: "ಮನೆಯಲ್ಲಿ ಯಾರೂ ಇಲ್ಲದಾಗ ಹೀಟರ್ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವವರು ಯಾರಿದ್ದರು?" ಯಾರಿದ್ದರು, ಯಾರೂ ಇರಲಿಲ್ಲ. ಆ ತಿಂಗಳ ಪರೀಕ್ಷೆ ಹೇಗೆ ಬರೆದೆ ಅಂತ ಕೇಳಬೇಡಿ.

ಕೊನೆಗೆ ಸ್ಯಾನ್ ಆಂಟೋನಿಯೊ ಸಿಕ್ಕಿತು. ಓದಿದ ಊರಿನ ಆ ಮನೆ ಮಾತ್ರ ಮಾರಾಟವಾಗಲಿಲ್ಲ. ಐದು ತಿಂಗಳು ಅಲ್ಲಿ ಕಂತು, ಇಲ್ಲಿ ಬಾಡಿಗೆ. ಕ್ಯಾಪ್ಟನ್ ಅಂತ ಭುಜದ ಮೇಲೆ ಪಟ್ಟಿ ಬಂದಿತ್ತು, ಜೇಬಿನಲ್ಲಿ ಏನೂ ಇರಲಿಲ್ಲ.

ಇನ್ನೊಂದು ಮಾತು ತಂದೆಯವರಿಗೆ ಹೇಳಿ. ರೆಸಿಡೆನ್ಸಿಯ ವರ್ಷಗಳು ಋಣ ತೀರಿಸುವ ಲೆಕ್ಕಕ್ಕೆ ಬರೋದಿಲ್ಲ. ನಾಲ್ಕು ವರ್ಷದ ಸ್ಕಾಲರ್‌ಶಿಪ್‌ಗೆ ನಾಲ್ಕು ವರ್ಷದ ಸೇವೆ ಅದಾದ ಮೇಲೆ ಶುರು, ಅದೂ ಅವರು ಹೇಳಿದ ಊರಲ್ಲಿ. ಮನೆ ಕೊಳ್ಳಲು ಅವಳಿಗೆ ಮುಂದೆ ಬೇಕಾದಷ್ಟು ಅವಕಾಶ ಬರುತ್ತದೆ.

ಷಾರ್ಲಟ್‌ನಿಂದ, ಮನೆ ಸಾಲದ ಅರ್ಜಿ ಪರಿಶೀಲಿಸುವ ಕೆಲಸದವರು

ಅಕ್ಕಾ, ದಿನಾ ಇಂಥ ಫೈಲು ನೋಡುತ್ತೇನೆ. ಚುಟುಕಾಗಿ ಹೇಳಿಬಿಡುತ್ತೇನೆ.

ಮಿಲಿಟರಿ ಅಂದ ತಕ್ಷಣ ಎಲ್ಲರೂ ವಿಎ ಲೋನ್ ಅನ್ನುತ್ತಾರೆ, ಅಂದರೆ ಸೇನೆಯವರಿಗೆಂದೇ ಸರ್ಕಾರ ಖಾತರಿ ಕೊಡುವ ಮನೆ ಸಾಲ. ಡೌನ್ ಪೇಮೆಂಟ್ ಇಲ್ಲದ ಸಾಲ, ಯಾರಿಗೆ ಬೇಡ? ಆದರೆ ಅದಕ್ಕೆ ಆಕ್ಟಿವ್ ಡ್ಯೂಟಿಯಲ್ಲಿ, ಅಂದರೆ ಪೂರ್ಣಾವಧಿ ಸೇವೆಯಲ್ಲಿ, ಸತತ 90 ದಿನ ಆಗಿರಬೇಕು. ನಿಮ್ಮ ಮಗಳ 45 ದಿನಕ್ಕೆ ಅದು ಸಿಗೋದಿಲ್ಲ. ಬೆಥೆಸ್ಡಾದ ಮಿಲಿಟರಿ ಮೆಡಿಕಲ್ ಯೂನಿವರ್ಸಿಟಿಯಲ್ಲಿ ಓದುವವರ ಕಥೆ ಬೇರೆ. ಅವರು ಮೊದಲ ದಿನದಿಂದ ಪೂರ್ತಿ ಸಂಬಳದ ಆಫೀಸರುಗಳು, ಮನೆ ಭತ್ಯೆಯೂ ಉಂಟು. ಯಾರಾದರೂ "ನಮ್ಮ ಅಣ್ಣನ ಮಗ ಓದುವಾಗಲೇ ವಿಎ ಲೋನ್ ತಗೊಂಡ" ಅಂದರೆ ಅವನು ಅಲ್ಲಿ ಓದಿದವನೋ, ಮೊದಲೇ ಸೇವೆ ಮಾಡಿ ಬಂದವನೋ ಕೇಳಿ ನೋಡಿ.

ಮಾಮೂಲಿ ಸಾಲಕ್ಕೆ ಬಂದರೆ, ತಿಂಗಳಿಗೆ 2,700 ಡಾಲರಿಗಿಂತ ಜಾಸ್ತಿ ಸ್ಟೈಪೆಂಡ್ ಇದೆ, ಸರಿ. ಆದರೆ ಈ ಆದಾಯ ಇನ್ನೂ ಮೂರು ವರ್ಷ ಬರುತ್ತದಾ ಅಂತ ನಾವು ಕೇಳುತ್ತೇವೆ. ಅದು ಓದು ಮುಗಿದ ದಿನ ನಿಲ್ಲುವ ದುಡ್ಡು. ಎರಡನೇ ವರ್ಷದಲ್ಲಿ ಅರ್ಜಿ ಹಾಕಿದರೆ ಅಲ್ಲಿಗೇ ತೊಡಕು. ಡಾಕ್ಟರ್ ಲೋನ್ ಎನ್ನುವುದು ಸಾಮಾನ್ಯವಾಗಿ ಕೆಲಸದ ಕಾಗದ ಕೈಗೆ ಬಂದವರಿಗೆ, ವಿದ್ಯಾರ್ಥಿಗಳಿಗಲ್ಲ.

ಹಾಗಾಗಿ ನೀವಿಬ್ಬರೂ ಸಾಲಕ್ಕೆ ಸೇರಬೇಕಾಗುತ್ತದೆ. ಎಫ್‌ಎಚ್‌ಎ ಎನ್ನುವ ಸರ್ಕಾರಿ ವಿಮೆಯ ಸಾಲದಲ್ಲಿ ಮನೆಯಲ್ಲಿ ವಾಸ ಮಾಡದ ಅಪ್ಪ ಅಮ್ಮ ಜೊತೆಗೆ ಸಹಿ ಹಾಕಬಹುದು, ಡೌನ್ ಪೇಮೆಂಟ್ 3.5% ಸಾಕು. ನೆನಪಿಡಿ, ಆ ಸಾಲ ನಿಮ್ಮ ತಲೆಯ ಮೇಲೂ ಕೂರುತ್ತದೆ. ಮುಂದೆ ನಿಮಗೇ ಸಾಲ ಬೇಕಾದಾಗ ಅದು ಎದ್ದು ಕಾಣುತ್ತದೆ. ಬರೀ ನಿಮ್ಮ ಹೆಸರಲ್ಲಿ ತಗೊಂಡರೆ, ನೀವು ಅಲ್ಲಿ ಇರೋದಿಲ್ಲವಲ್ಲ, ಬಾಡಿಗೆಗೆ ಕೊಡುವ ಮನೆ ಎಂದೇ ಲೆಕ್ಕ. ಬಡ್ಡಿಯೂ ಜಾಸ್ತಿ, ಡೌನ್ ಪೇಮೆಂಟೂ ಜಾಸ್ತಿ. ಆ 20,000 ಬೋನಸ್ ಇದೆಯಲ್ಲ, ತೆರಿಗೆ ಹಿಡಿದುಕೊಂಡೇ ಕೈಗೆ ಬರೋದು. ಎರಡೂವರೆ ಲಕ್ಷದ ಮನೆಗೆ 20% ಅಂದರೆ 50,000. ಅಷ್ಟು ಇಲ್ಲದಿದ್ದರೆ ಮಾರ್ಟ್‌ಗೇಜ್ ಇನ್ಶೂರೆನ್ಸ್, ಅಂದರೆ ಸಾಲ ಕೊಟ್ಟವರ ರಕ್ಷಣೆಗೆ ನಾವು ಕಟ್ಟುವ ವಿಮೆ, ಅಂತ ತಿಂಗಳು ತಿಂಗಳು ಇನ್ನಷ್ಟು ಹೋಗುತ್ತದೆ.

ಒಂದೇ ಒಂದು ಸಮಾಧಾನದ ಸುದ್ದಿ. ಡ್ಯೂಟಿಗೆ ಸೇರುವ ಮೊದಲು ಅವಳ ಹೆಸರಲ್ಲಿ ತೆಗೆದ ಸಾಲಕ್ಕೆ, ಸೇವೆಯಲ್ಲಿ ಇರುವಷ್ಟು ಕಾಲ 6%ಗಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ ಅಂತ ಕಾನೂನಿದೆ. ಆದರೆ ಬ್ಯಾಂಕು ತಾನಾಗಿ ಕೊಡುತ್ತದೆ ಅಂತ ಕಾಯಬೇಡಿ. ಆರ್ಡರ್ ಪ್ರತಿ ಇಟ್ಟು ಬರೆದು ಕೇಳಬೇಕು.

ಡಲ್ಲಾಸ್‌ನಿಂದ

'ಬಾಡಿಗೆ ವೇಸ್ಟ್' ಅನ್ನುವ ಯಜಮಾನರಿಗೆ ಈ ಲೆಕ್ಕ ತೋರಿಸಿ. 2,00,000 ಡಾಲರ್ ಸಾಲ, 7% ಬಡ್ಡಿ, 30 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 1,330. ನಾಲ್ಕು ವರ್ಷಕ್ಕೆ ಕಟ್ಟಿದ್ದು ಸುಮಾರು 63,900. ಅದರಲ್ಲಿ ಅಸಲಿಗೆ ಹೋದದ್ದು 9,000 ಚಿಲ್ಲರೆ. ಉಳಿದ ಸುಮಾರು 54,800 ಬಡ್ಡಿ. ಅದೂ ಬಾಡಿಗೆಯೇ ಅಲ್ವಾ? ಮನೆಗೆ ಕೊಡುವ ಬದಲು ದುಡ್ಡಿಗೆ ಕೊಟ್ಟ ಬಾಡಿಗೆ. ಎರಡೂವರೆ ಲಕ್ಷಕ್ಕೇ ಮಾರಿದರೂ ಏಜೆಂಟರಿಗೆ 5% ಅಂದರೆ 12,500. ಅಸಲು ಅಲ್ಲಿಗೇ ಮುಗಿಯಿತು. ಪ್ರಾಪರ್ಟಿ ಟ್ಯಾಕ್ಸು, ರಿಪೇರಿ ನಾನು ಸೇರಿಸಿಯೇ ಇಲ್ಲ. ಮನೆ ಬೆಲೆ ಏರಿದರೆ ಬಚಾವ್, ಇಲ್ಲದಿದ್ದರೆ ಇಲ್ಲ.

ವರ್ಜೀನಿಯಾದ ರಿಚ್ಮಂಡ್‌ನಿಂದ ಒಬ್ಬ ತಾಯಿ

ಎಲ್ಲರೂ ಬೇಡ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಾವು ತಗೊಂಡೆವು, ಒಳ್ಳೆಯದೇ ಆಯಿತು.

ನಮ್ಮ ಮಗ ನೇವಿ ಸ್ಕಾಲರ್‌ಶಿಪ್‌ನಲ್ಲಿ ನಾರ್ಫೋಕ್‌ನಲ್ಲಿ ಓದಿದ. 2012ರಲ್ಲಿ ಮೂರು ಬೆಡ್‌ರೂಮಿನ ಟೌನ್‌ಹೌಸ್ ತಗೊಂಡೆವು. ಆಗ ಬಡ್ಡಿ 4%ಗಿಂತ ಕಡಿಮೆ ಇತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲಕ್ಕೆ ನಾವು ಜೊತೆಗೆ ಸಹಿ ಹಾಕಿದೆವು, ಮನೆ ಮಾತ್ರ ಅವನೊಬ್ಬನ ಹೆಸರಿಗೆ. ಎರಡು ರೂಮಿಗೆ ಅವನ ಕ್ಲಾಸಿನ ಹುಡುಗರೇ ಬಂದರು. ಅವರ ಬಾಡಿಗೆಯಲ್ಲಿ ಕಂತಿನ ಮುಕ್ಕಾಲು ಭಾಗ ಹೋಗುತ್ತಿತ್ತು. ಆಲೂಗಡ್ಡೆ ಪಲ್ಯ ಮಾಡಿಟ್ಟರೆ ಮೂವರೂ ನಿಂತಲ್ಲೇ ಖಾಲಿ ಮಾಡುತ್ತಿದ್ದರು.

ನಮ್ಮ ಅದೃಷ್ಟ ಏನೆಂದರೆ ನೇವಿಯ ದೊಡ್ಡ ಆಸ್ಪತ್ರೆ ಇರೋದು ಪೋರ್ಟ್ಸ್‌ಮತ್‌ನಲ್ಲಿ. ನದಿಯ ಆಚೆ ದಡ, ಸುರಂಗ ದಾಟಿದರೆ ಬಂತು. ಅವನ ಇಂಟರ್ನ್‌ಶಿಪ್ ಅಲ್ಲೇ ಆಯಿತು. ಮನೆ ಬದಲಿಸಲೇ ಇಲ್ಲ. ಆಮೇಲೆ ಓಕಿನಾವಾಕ್ಕೆ ಹಾಕಿದರು. ನಾರ್ಫೋಕ್ ನೇವಿ ಊರು ನೋಡಿ, ಬಾಡಿಗೆಗೆ ಬರುವವರಿಗೆ ಬರವಿಲ್ಲ. ಮನೆ ಹಾಗೇ ಇಟ್ಟುಕೊಂಡು 2021ರಲ್ಲಿ ಮಾರಿದೆವು. ಮಾಮೂಲಿಯಾಗಿ ಮಾರುವ ಮುಂಚಿನ ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿ ವಾಸ ಮಾಡಿದ್ದರೆ 2,50,000 ಡಾಲರ್ ತನಕದ ಲಾಭಕ್ಕೆ ತೆರಿಗೆ ಇಲ್ಲ. ಮಿಲಿಟರಿಯವರು ಡ್ಯೂಟಿ ಮೇಲೆ ದೂರ ಹೋಗಿದ್ದರೆ ಆ ಐದು ವರ್ಷದ ಗಡಿಯಾರವನ್ನು ಹತ್ತು ವರ್ಷದ ತನಕ ನಿಲ್ಲಿಸಬಹುದು. ನಮಗೆ ಇದು ಗೊತ್ತೇ ಇರಲಿಲ್ಲ, ಲೆಕ್ಕದವರು ಹೇಳಿದರು. ಬಾಡಿಗೆಗೆ ಕೊಟ್ಟ ವರ್ಷಗಳಲ್ಲಿ ಮನೆ ಹಳತಾಗುತ್ತದೆ ಅಂತ ಆದಾಯದಲ್ಲಿ ಕಳೆದು ತೋರಿಸಿದ ಸವಕಳಿಗೆ ಮಾತ್ರ ತೆರಿಗೆ ಬಿತ್ತು.

ಆದರೆ ಒಂದು ಸತ್ಯ ಹೇಳಲೇಬೇಕು. ಆ ಮನೆಯ ಪ್ಲಂಬರ್, ಪೇಂಟರ್, ವಾಚ್‌ಮನ್ ಎಲ್ಲ ನಮ್ಮ ಯಜಮಾನರೇ. ರಿಚ್ಮಂಡ್‌ನಿಂದ ಎರಡು ಗಂಟೆ ದಾರಿ, ಬೆಳಗ್ಗೆ ಉಪ್ಪಿಟ್ಟು ತಿಂದು ಹೊರಟರೆ ಸಂಜೆಗೆ ವಾಪಸ್. ನ್ಯೂಜೆರ್ಸಿಯಿಂದ ಕೊಲಂಬಸ್‌ಗೆ ಹಾಗೆ ಹೋಗಿ ಬರೋಕಾಗುತ್ತಾ? ನಿಮ್ಮ ಯಜಮಾನರನ್ನೇ ಕೇಳಿ.

ಮಡಿಕೇರಿಯಿಂದ

ಅಮೆರಿಕದ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಮಿಲಿಟರಿ ಅಂದ ಕೂಡಲೇ ಓದಿದೆ. ನಮ್ಮ ಕೊಡಗಿನಲ್ಲಿ ಮನೆಗೊಬ್ಬರು ಇಬ್ಬರು ಸೇನೆಯಲ್ಲಿ ಇದ್ದವರೇ. ನಮ್ಮವರ 24 ವರ್ಷದ ಸರ್ವಿಸಿನಲ್ಲಿ 11 ಕ್ವಾರ್ಟರ್ಸ್ ಬದಲಿಸಿದ್ದೇನೆ. ಹೆಸರು, ರ‍್ಯಾಂಕು ಬಿಳೀ ಪೇಂಟಲ್ಲಿ ಬರೆದ ಕಪ್ಪು ಟ್ರಂಕುಗಳೇ ನಮ್ಮ ಮನೆ. ಪ್ರಮೋಷನ್ ಆದಾಗ ಹಳೇ ರ‍್ಯಾಂಕಿನ ಮೇಲೆ ಇನ್ನೊಂದು ಕೋಟು ಬಳಿಯುತ್ತಿದ್ದೆವು. ಒಂದು ಟ್ರಂಕಿನಲ್ಲಿ ಈಗಲೂ ಹಳೇದು ಇಣುಕುತ್ತದೆ. ಸ್ವಂತ ಮನೆ ಕಟ್ಟಿದ್ದು ರಿಟೈರ್ ಆದ ಮೇಲೆ. ನನ್ನ ತಂಗಿ ಮಗಳು ಪುಣೆಯ ಸೇನಾ ಮೆಡಿಕಲ್ ಕಾಲೇಜಿನಲ್ಲಿ ಓದಿದಳು. ಅಲ್ಲಿ ಹಾಸ್ಟೆಲ್, ಮೆಸ್ಸು, ಹಾಗಾಗಿ ಈ ತಲೆನೋವೇ ಇರಲಿಲ್ಲ. ನಿಮ್ಮಲ್ಲಿ ಹಾಸ್ಟೆಲ್ ಯಾಕೆ ಇಲ್ಲವೋ ನನಗೆ ಅರ್ಥ ಆಗಲಿಲ್ಲ.

ಮೂರನೇ ವರ್ಷದ ಮೆಡಿಕಲ್ ವಿದ್ಯಾರ್ಥಿನಿ, ಮಿಷಿಗನ್

ಆಂಟಿ, ನಾನೂ ಆರ್ಮಿ ಸ್ಕಾಲರ್‌ಶಿಪ್‌ನಲ್ಲೇ ಓದುತ್ತಿದ್ದೇನೆ. ನಿಮ್ಮ ಪತ್ರ ಅಮ್ಮನಿಗೆ ಓದಿ ಹೇಳಿದೆ. "ನೋಡು, ನಾವೊಬ್ಬರೇ ಅಲ್ಲ" ಅಂದರು. ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು.

ನಿಮ್ಮ ಮಗಳು ಯಾಕೆ ಸುಮ್ಮನಿದ್ದಾಳೆ ಅಂತ ನಾನು ಊಹಿಸಬಲ್ಲೆ. ಅಪ್ಪ ಇಷ್ಟು ಆಸೆಯಿಂದ ಮನೆ ಹುಡುಕುತ್ತಿರುವಾಗ ಬೇಡ ಅನ್ನೋಕೆ ಬಾಯಿ ಬರೋದಿಲ್ಲ. ನಮ್ಮಪ್ಪ ಬಾಗಿಲು ಪೂರ್ವಕ್ಕಿರುವ ಮನೆಗಳ ಪಟ್ಟಿಯನ್ನೇ ಮಾಡಿಟ್ಟಿದ್ದರು, ಗೃಹಪ್ರವೇಶಕ್ಕೆ ಪುರೋಹಿತರನ್ನೂ ಕೇಳಿಟ್ಟಿದ್ದರು! ನನಗೆ ಹುಲ್ಲು ಕತ್ತರಿಸೋಕೆ, ಹಿಮ ತೆಗೆಯೋಕೆ ಟೈಮೇ ಇಲ್ಲ ಅಂತ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಸರ್ಜರಿ ರೊಟೇಷನ್‌ನಲ್ಲಿ ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಡುತ್ತೇನೆ. ಟಪಾಲು ಡಬ್ಬಿ ತೆಗೆಯೋದು ವಾರಕ್ಕೊಮ್ಮೆ.

ಈಗ ಆಸ್ಪತ್ರೆಗೆ ನಡೆದು ಹೋಗುವ ದೂರದಲ್ಲಿ ಮೂವರು ಸೇರಿ ಬಾಡಿಗೆಗೆ ಇದ್ದೇವೆ. ಬೋನಸ್ ದುಡ್ಡು ಮುಟ್ಟಿಲ್ಲ. ನಲ್ಲಿ ಸೋರಿದರೆ ಮನೆ ಓನರ್‌ಗೆ ಮೆಸೇಜ್ ಹಾಕಿ ಮಲಗುತ್ತೇನೆ. ಡ್ಯೂಟಿಗೆ ಆರ್ಡರ್ ಬಂದಾಗ ಬಾಡಿಗೆ ಕರಾರು ಇನ್ನೂ ಬಾಕಿ ಇದ್ದರೂ ದಂಡ ಇಲ್ಲದೆ ಬಿಡಬಹುದು, ಅದಕ್ಕೂ ಮಿಲಿಟರಿಯವರಿಗೆ ಕಾನೂನಿದೆ.

ಅಂಕಲ್‌ಗೆ ಏನಾದರೂ ಕೊಡಿಸಲೇಬೇಕು ಅಂತಿದ್ದರೆ ಒಳ್ಳೆಯ ಹಾಸಿಗೆ ಕೊಡಿಸಲಿ, ಆಮೇಲೆ ಹಿಮದಲ್ಲಿ ಓಡುವ ಟೈರು. ನೀವು ಪುಳಿಯೋಗರೆ ಗೊಜ್ಜು ಕಳಿಸಿ, ಫ್ರಿಜ್ಜಿನಲ್ಲಿ ಎರಡು ತಿಂಗಳು ಇರುತ್ತದೆ. ಕೊಲಂಬಸ್‌ನಲ್ಲಿ ನನ್ನ ಸೀನಿಯರ್ ಒಬ್ಬಳಿದ್ದಾಳೆ, ಮೇ ತಿಂಗಳಲ್ಲಿ ಅವಳ ರೂಮು ಖಾಲಿಯಾಗುತ್ತದೆ. ಬೇಕಿದ್ದರೆ ಸಂಪಾದಕರ ಮೂಲಕ ನಿಮ್ಮ ಮಗಳೇ ನನಗೆ ಬರೆಯಲಿ, ನೀವಲ್ಲ ಆಂಟಿ.