ಸಹಾಯ ಬೇಕು: ನಾಲೆ ನೀರಿನ ಸರದಿ ಮತ್ತು ಭತ್ತಕ್ಕೆ ಯೂರಿಯಾ

ದಾವಣಗೆರೆ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ಕೊನೆಯ ಭಾಗದಲ್ಲಿರುವ ನಮ್ಮ ಎರಡು ಎಕರೆ ಭತ್ತದ ಗದ್ದೆಗೆ ನೀರು ಸರದಿಯ ಮೇಲೆ ಬರುವುದರಿಂದ ಮಣ್ಣು ಒಮ್ಮೆ ಒಣಗಿ ಮತ್ತೆ ಮುಳುಗುತ್ತದೆ. ಒಣಗಿದಾಗ ನೈಟ್ರೇಟ್ ಆಗಿ ಮಾರ್ಪಡುವ ಯೂರಿಯಾದ ಸಾರಜನಕ, ನೀರು ನಿಂತ ಮೇಲೆ ಅನಿಲವಾಗಿ ಹಾರಿಹೋಗುತ್ತದೆ. ಯೂರಿಯಾವನ್ನು ನಿಂತ ನೀರಿಗೇ ಎರಚಿದರೂ ನಷ್ಟ ತಪ್ಪದು, ಏಕೆಂದರೆ ಹಗಲಿನಲ್ಲಿ ಪಾಚಿಯಿಂದ ನೀರಿನ ಕ್ಷಾರತೆ ಏರಿ ಅಮೋನಿಯಾ ಗಾಳಿಗೆ ಸೇರುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕವಿರುವುದೇ ಸುಮಾರು 20.7 ಕಿಲೋ. ಎಲೆ ಹಳದಿಯಾದೊಡನೆ ಇನ್ನೊಂದು ಚೀಲ ಸುರಿಯುವ ನಮ್ಮ ಕಡೆಯ ರೂಢಿ ನನಗಂತೂ ಒಪ್ಪಿಗೆಯಿಲ್ಲ. ನೀರು ಬಸಿದು, ಕೆಸರಿಗೆ ಗೊಬ್ಬರ ಕೊಟ್ಟು, ಬಳಿಕ ನೀರು ಕಟ್ಟುವವರು ಸರದಿ ತಡವಾದಾಗ ಏನು ಮಾಡುತ್ತೀರಿ? ಎಲೆಬಣ್ಣದ ಪಟ್ಟಿ (ಎಲೆಯ ಹಸಿರನ್ನು ಹೋಲಿಸಿ ಸಾರಜನಕ ಬೇಕೇ ಎಂದು ನೋಡುವ ಪಟ್ಟಿ) ಬಳಸಿದವರು, ತೆಂಡೆ ಒಡೆಯುವ (ಬುಡದಿಂದ ಹೊಸ ಕವಲು ಬರುವ) ಹಂತದಲ್ಲಿ ಎಕರೆಗೆ ಎಷ್ಟು ಯೂರಿಯಾ ಕೊಟ್ಟಿರೆಂದು ದಯವಿಟ್ಟು ತಿಳಿಸಿ.